ಯಂತ್ರವಿಷದರ್ಪಣ

ಅನುಬಂಧ ಚತುಷ್ಟಯ

14ನೇ ಶತಮಾನದಲ್ಲಿ, ವಿಜಯನಗರ ಇನ್ನೂ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ, ಒಂದನೆಯ ಮಂಗರಾಜನೆಂಬ ಜೈನ ಕವಿ ‘ಖಗೇಂದ್ರಮಣಿದರ್ಪಣ’ ಎಂಬ ವಿಷವೈದ್ಯ ಗ್ರಂಥವನ್ನು ಕನ್ನಡ ಪದ್ಯದಲ್ಲಿ ಬರೆದಿಟ್ಟ. ವಿಷ ಮೂರು ಬಗೆ: ಸ್ಥಾವರ, ಜಂಗಮ, ಕೃತ್ರಿಮ. ಗಿಡ ಬೇರುಗಳದ್ದು ಒಂದು, ಹಾವು ಚೇಳುಗಳದ್ದು ಇನ್ನೊಂದು, ಮನುಷ್ಯ ಕೂತು ಬೆರೆಸಿದ್ದು ಮತ್ತೊಂದು. ಒಂದೊಂದಕ್ಕೂ ಲಕ್ಷಣ, ಒಂದೊಂದಕ್ಕೂ ಮದ್ದು. ಆ ವಿಜಯನಗರದ ಹೆಸರನ್ನೇ ಹೊತ್ತ ಜಿಲ್ಲೆಯಲ್ಲಿ ಈಗ ಯಾವ ಸೊಸೈಟಿಗೆ ಹೋದರೂ ಟೇಬಲ್ಲಿನ ಮೇಲೊಂದು ಕಂಪ್ಯೂಟರ್ ಇದೆ. ಅದಕ್ಕೂ ವಿಷ ಏರುತ್ತದೆ. ಅದರ ದರ್ಪಣವನ್ನು ಪದ್ಯದಲ್ಲಿ ಬರೆಯುವ ಶಕ್ತಿ ನನಗಿಲ್ಲವಾದ್ದರಿಂದ ಗದ್ಯದಲ್ಲೇ ಬರೆಯುತ್ತಿದ್ದೇನೆ.

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಬೇಕು. ಹೇಳದವನನ್ನು ಪಂಡಿತರು ಪಂಕ್ತಿಗೆ ಸೇರಿಸುವುದಿಲ್ಲ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಯಾರು? ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿ, ಸೌಹಾರ್ದ ಬ್ಯಾಂಕಿನ ಮ್ಯಾನೇಜರು, ಹಾಲಿನ ಡೈರಿಯ ಲೆಕ್ಕ ಬರೆಯುವವರು, ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರು, ಗ್ರಾಮ ಒನ್ ನಡೆಸುವವರು, ಖಾಸಗಿ ಕಾಲೇಜಿನ ಆಫೀಸು ಸೂಪರಿಂಟೆಂಡೆಂಟರು. ‘ನಮಗೆ ಕಂಪ್ಯೂಟರ್ ಬರಂಗಿಲ್ಲ, ಹುಡುಗ ನೋಡ್ಕೋತಾನ’ ಎನ್ನುವ ಅಧ್ಯಕ್ಷರು ಉತ್ತಮಾಧಿಕಾರಿಗಳು. ವಿಷಯ: ಸಂಸ್ಥೆಯ ದುಡ್ಡು ಮತ್ತು ದಾಖಲೆ ಕದಿಯುವ, ಕೆಡಿಸುವ, ಒತ್ತೆಯಿಟ್ಟುಕೊಳ್ಳುವ ತಂತ್ರಾಂಶಗಳು. ಸಂಬಂಧ: ಇವರು ಕರೆಂಟಿಗೆ ಕಾಯುತ್ತಾರೆ, ಯಂತ್ರ ನೆಟ್‌ವರ್ಕಿಗೆ ಕಾಯುತ್ತದೆ, ಜನ ಇಬ್ಬರಿಗೂ ಕಾಯುತ್ತಾರೆ. ಪ್ರಯೋಜನ: ದುಡ್ಡು ಉಳಿಯುವುದು. ಮೋಕ್ಷದ ಬಗ್ಗೆ ಭರವಸೆ ಕೊಡಲಾರೆ.

ದೇಶನಿರ್ಣಯವೂ ಆಗಬೇಕು. ಇಲ್ಲಿ ನಮ್ಮೂರು ಅರಸೀಕೆರೆ ಎಂದರೆ ಹಾಸನ ಜಿಲ್ಲೆಯ, ರೈಲು ಜಂಕ್ಷನ್ನಿನ, ತೆಂಗಿನ ಅರಸೀಕೆರೆಯಲ್ಲ. ಉಚ್ಚಂಗಿದುರ್ಗದ ಹತ್ತಿರದ, ಮೆಕ್ಕೆಜೋಳದ ಸೀಮೆಯ, ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಅರಸೀಕೆರೆ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಊರು ಒಂದು ಗೇಣೂ ಕದಲಲಿಲ್ಲ, ಹೆಸರೂ ಬದಲಾಗಲಿಲ್ಲ. ಬದಲಾದದ್ದು ದಾಖಲೆಯ ಕೋಡ್ ಮಾತ್ರ. ಒಂದೇ ಹೆಸರಿಗೆ ಎರಡು ಊರು, ಒಂದೇ ಊರಿಗೆ ಮೂರು ಜಿಲ್ಲೆ. ಓದುಗರು ಇದನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು, ಚತುರ್ಥಾಧಿಕಾರದಲ್ಲಿ ಬೇಕಾಗುತ್ತದೆ.

ಪ್ರಥಮಾಧಿಕಾರ: ಜಂಗಮ

ಯಾರ ಸಹಾಯವೂ ಇಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಿದುಹೋಗುವುದು ಜಂಗಮ. ಇಂಟರ್‌ನೆಟ್ಟಿನಲ್ಲಿ ಇದರ ಆದಿಪುರುಷ 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹುಟ್ಟಿದ ಮೋರಿಸ್ ವರ್ಮ್. ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆ ಕುಲದಲ್ಲಿ ಅತ್ಯಂತ ಖ್ಯಾತಿವೆತ್ತದ್ದು 2017ರ ಮೇ 12ರ ವನ್ನಾಕ್ರೈ. ಅದು 150ಕ್ಕೂ ಹೆಚ್ಚು ದೇಶಗಳಲ್ಲಿ ಲಕ್ಷಗಟ್ಟಲೆ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರನ್ನು ಬಿಟ್‌ಕಾಯಿನ್ನಿನಲ್ಲಿ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ನಮ್ಮ ನೆರೆಯ ಆಂಧ್ರದ ಪೊಲೀಸರ ಕಂಪ್ಯೂಟರುಗಳಿಗೂ ಅದು ಹೊಕ್ಕಿತು. ದೂರು ಬರೆದುಕೊಳ್ಳುವ ಯಂತ್ರವೇ ದೂರು ಕೊಡುವ ಸ್ಥಿತಿಗೆ ಬಂದದ್ದು ಶಾಸ್ತ್ರಕಾರರು ಗಮನಿಸತಕ್ಕ ವಿಷಯ.

ಈ ವಿಷಕ್ಕೆ ಮದ್ದು ಎರಡು ತಿಂಗಳ ಮೊದಲೇ ಸಿದ್ಧವಿತ್ತು. ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದೇ ಅದನ್ನು ಪುಕ್ಕಟೆಯಾಗಿ ಬಿಡುಗಡೆ ಮಾಡಿತ್ತು. ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಮಾಡಲೇ?’ ಎಂದು ಬರುವ ಚೌಕವಿದೆಯಲ್ಲ, ಅದೇ. ನಮ್ಮ ಕಡೆ ಅದಕ್ಕೆ ‘ರಿಮೈಂಡ್ ಮಿ ಲೇಟರ್’ ಒತ್ತುವುದು ಸಂಪ್ರದಾಯ. ಜಂಗಮದ ವಿಚಾರ ಇಲ್ಲಿಗೆ ಸಾಕು. ಸ್ವಂತ ಕಾಲಿನ ಮೇಲೆ ಬರುವವರು ನಮ್ಮ ಹೋಬಳಿಗೆ ಕಡಿಮೆ, ಇಲ್ಲಿಗೆ ಬರುವ ವಿಷವನ್ನು ಬಹುಪಾಲು ನಾವೇ ಕರೆದು ಮಣೆ ಹಾಕುತ್ತೇವೆ.

ದ್ವಿತೀಯಾಧಿಕಾರ: ಸ್ಥಾವರ

ಇದು ತಾನಾಗಿ ಏನೂ ಮಾಡದು. ಇದ್ದಲ್ಲೇ ಇರುತ್ತದೆ, ಮುಟ್ಟಿದವರಿಗೆ ಏರುತ್ತದೆ. ಉಪಭೇದಗಳು ಅಸಂಖ್ಯ, ನಮ್ಮ ಸೀಮೆಗೆ ಮುಖ್ಯವಾದವು ಮೂರು: ಕಡ್ಡಿಸ್ಥ, ಚೌರ್ಯಸ್ಥ, ಪತ್ರಿಕಾಸ್ಥ.

ಕಡ್ಡಿಸ್ಥವೆಂದರೆ ಪೆನ್‌ಡ್ರೈವಿನಲ್ಲಿರುವುದು. ಠರಾವನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅದೇ ಕಡ್ಡಿಯನ್ನು ತಂದು ಆಫೀಸಿನ ಸಿಪಿಯುಗೆ ಚುಚ್ಚುವ ವಾಡಿಕೆ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಇದೆ. ಆ ಅಂಗಡಿಯ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಊರಿನ ಕಡ್ಡಿಗಳು ಹೊಕ್ಕು ಹೊರಡುತ್ತವೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಇದನ್ನು ಹಳ್ಳಿಗರ ಅಜ್ಞಾನವೆಂದು ನಗಬಾರದು. ಇರಾನಿನ ನತಾಂಜ್ ಅಣು ಘಟಕವನ್ನು ಇಂಟರ್‌ನೆಟ್ಟಿಗೆ ಜೋಡಿಸಿಯೇ ಇರಲಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅಂಥ ಕೋಟೆಯೊಳಕ್ಕೂ ಹೊಕ್ಕು ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಿತ್ತು, ದಾರಿ ಯುಎಸ್‌ಬಿ ಕಡ್ಡಿ ಎಂಬುದು ತಜ್ಞರ ನಂಬಿಕೆ. ಅಣು ವಿಜ್ಞಾನಿಗಳೇ ತಪ್ಪಿಸಿಕೊಳ್ಳಲಾಗದ್ದನ್ನು ಗೊಬ್ಬರದ ಸ್ಟಾಕ್ ಬರೆಯುವವರು ತಪ್ಪಿಸಿಕೊಳ್ಳಬೇಕೆಂದು ಶಾಸ್ತ್ರ ಬಯಸುತ್ತದೆ. ಶಾಸ್ತ್ರದ ಸ್ವಭಾವವೇ ಹಾಗೆ.

ಚೌರ್ಯಸ್ಥವೆಂದರೆ ‘ಕ್ರ್ಯಾಕ್’ ಮಾಡಿದ ತಂತ್ರಾಂಶದ ಹೊಟ್ಟೆಯಲ್ಲಿರುವುದು. ಪುಕ್ಕಟೆ ವಿಂಡೋಸ್, ಪುಕ್ಕಟೆ ಆಫೀಸು, ಪುಕ್ಕಟೆ ಲೆಕ್ಕದ ತಂತ್ರಾಂಶ. ಹಾಕಿಕೊಡುವ ಹುಡುಗ ಮೊದಲು ಆಂಟಿವೈರಸ್ ಆಫ್ ಮಾಡುತ್ತಾನೆ, ಏಕೆಂದರೆ ಅದು ಅಡ್ಡ ಬರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಕಳ್ಳನ ಕೈಯಲ್ಲಿ ಬೀಗ ಹಾಕಿಸಿಕೊಂಡ ಮೇಲೆ ಮಾತನಾಡಲು ಏನೂ ಉಳಿಯುವುದಿಲ್ಲ.

ಪತ್ರಿಕಾಸ್ಥ ಹೊಸದು ಮತ್ತು ಅತಿ ಚುರುಕಿನದು. ಮದುವೆ ಸೀಜನ್ನಿನಲ್ಲಿ ವಾಟ್ಸ್‌ಆಪಿಗೆ ಲಗ್ನಪತ್ರಿಕೆ ಬರುತ್ತದೆ. ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ, ಹೆಸರಿನ ತುದಿಯಲ್ಲಿ ‘ಎಪಿಕೆ’ ಎಂದಿರುತ್ತದೆ. ಇದೇ ಮಾಲು ಪಿಎಂ ಕಿಸಾನ್ ಪಟ್ಟಿ ಎಂತಲೂ ಆರ್‌ಟಿಒ ದಂಡದ ಚಲನ್ ಎಂತಲೂ ವೇಷ ಹಾಕಿ ಬರುವುದುಂಟು. ಒತ್ತಿದರೆ ಒಂದು ಆಪ್ ಇನ್‌ಸ್ಟಾಲ್ ಆಗುತ್ತದೆ, ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಮುಂದೆ ಬರುವ ಒಟಿಪಿಗಳೆಲ್ಲ ಅದನ್ನು ಕಳಿಸಿದವರ ಕೈ ಸೇರುತ್ತವೆ. ಸೊಸೈಟಿಯ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲು ಕಾರ್ಯದರ್ಶಿಯ ಜೇಬಿನದೇ ಆಗಿರುವುದರಿಂದ ಅವರ ಮನೆಯ ವಿಷ ಸಂಸ್ಥೆಗೆ ದಾಟಲು ಒಂದು ಬೆರಳಿನಷ್ಟು ದೂರ ಸಾಕು. ಲಕ್ಷಣ ತಿಳಿಯಲು ಒಂದು ಸಂವಾದ. ಸ್ಥಳ ಯಾವ ಸೊಸೈಟಿಯಾದರೂ ಆದೀತು. ಹಿಂದಿನ ಕೋಣೆಯಿಂದ ಯೂರಿಯಾ ವಾಸನೆ, ಮುಂದೆ ಕೀಲಿಮಣೆಗೆ ಹೊದಿಸಿದ ಹಳದಿಗಟ್ಟಿದ ಪ್ಲಾಸ್ಟಿಕ್, ಪಕ್ಕದಲ್ಲಿ ನಿಮಿಷಕ್ಕೊಮ್ಮೆ ಕೂಗುವ ಯುಪಿಎಸ್.

“ಏ ತಮ್ಮಾ, ಇದು ಲಗ್ನಪತ್ರಿಕಿ ಒತ್ತಿದ್ರ ಓಪನ್ ಆಗವಲ್ದು ನೋಡು.”

“ಯಾರ್ದು ಸರ?”

“ನಂಬರ್ ಗೊತ್ತಿಲ್ಲಪ. ಕೊಟ್ಟೂರು ಕಡೆ ಬೀಗರದಿರಬೇಕು. ಇನ್‌ಸ್ಟಾಲ್ ಮಾಡು ಅಂತ ಕೇಳ್ತೈತಿ.”

“ಮಾಡ್ರಿ ಸರ. ಹೊಸಾ ಮಾಡಲ್ ಪತ್ರಿಕಿ ಇರಬೇಕು.”

ಇಲ್ಲಿ ಸಾಕ್ಷರತೆಗೆ ಕೊರತೆಯಿಲ್ಲ, ಇರುವುದು ದಾಕ್ಷಿಣ್ಯ. ಬೀಗರ ಪತ್ರಿಕೆ ತೆರೆಯದಿದ್ದರೆ ನಾಳೆ ಸಂತೆಯಲ್ಲಿ ಮುಖ ತೋರಿಸುವುದು ಹೇಗೆ? ದಾಳಿ ಮಾಡುವವರು ನಮ್ಮ ಕಂಪ್ಯೂಟರಿಗಿಂತ ಮೊದಲು ಓದಿಕೊಂಡಿರುವುದು ನಮ್ಮ ಈ ಸ್ವಭಾವವನ್ನು. ಇಂಥ ದಾಳಿ ಬೆಂಗಳೂರಿನಲ್ಲೂ ನಡೆಯುತ್ತದೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯಿಂದ ಸುಮಾರು 44 ಮಿಲಿಯನ್ ಡಾಲರ್ ಹೋಯಿತು. ಪೊಲೀಸರ ಪ್ರಕಾರ ದಾರಿ ಸಿಕ್ಕಿದ್ದು ಉದ್ಯೋಗಿಯೊಬ್ಬರ ಆಫೀಸ್ ಲ್ಯಾಪ್‌ಟಾಪಿನ ಮೂಲಕ, ಅವರು ಅದರಲ್ಲಿ ಹೊರಗಿನವರು ಕೊಟ್ಟ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದರು. ಅಲ್ಲಿ ಪಾರ್ಟ್‌ಟೈಮ್ ಕೆಲಸ, ಇಲ್ಲಿ ಲಗ್ನಪತ್ರಿಕೆ. ವಿಷ ಒಂದೇ, ಅನುಪಾನ ಬೇರೆ.

ತೃತೀಯಾಧಿಕಾರ: ಕೃತ್ರಿಮ

ಸ್ಥಾವರದಂತೆ ಕಾದು, ಜಂಗಮದಂತೆ ಹರಡಿ, ಕೊನೆಗೆ ಒತ್ತೆಹಣ ಕೇಳುವ ಮಿಶ್ರಣಕ್ಕೆ ರಾನ್ಸಮ್‌ವೇರ್ ಎಂದು ಹೆಸರು. ಇದನ್ನು ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಬಾಡಿಗೆಗೆ ಪಡೆಯುತ್ತಾನೆ, ಮತ್ತೊಬ್ಬ ಒಳಹೊಗುವ ಪಾಸ್‌ವರ್ಡ್ ಮಾರುತ್ತಾನೆ, ನಾಲ್ಕನೆಯವನು ಚೌಕಾಸಿಗೆ ಕೂರುತ್ತಾನೆ. ಇಷ್ಟು ಅಚ್ಚುಕಟ್ಟಾದ ಸಹಕಾರ ನಮ್ಮ ಸಹಕಾರ ಸಂಘಗಳಲ್ಲಿ ಕಂಡುಬಂದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಇದು ಏರಿತು. ಸುಮಾರು 1.3 ಟೆರಾಬೈಟ್ ದಾಖಲೆಗೆ ಬೀಗ ಬಿತ್ತು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ವಾರಗಟ್ಟಲೆ ಕಾಗದ, ಪೆನ್ನು ಹಿಡಿದು ಚೀಟಿ ಬರೆಯಿತು.

ಈಗ ಪೂರ್ವಪಕ್ಷ. ‘ದೆಹಲಿ ಆಸ್ಪತ್ರಿ ದೊಡ್ಡದ್ರಿ. ನಮ್ಮ ಅರಸೀಕೆರಿಗೆ ಯಾರು ಬರ್ತಾರ? ನಮ್ಮ ಸೊಸೈಟ್ಯಾಗ ಐತೇನು, ಬಡ್ಡಿ ಬಾಕಿ ಬಿಟ್ರ?’ ಪ್ರಶ್ನೆ ವಿನಯದಿಂದ ಕೂಡಿದೆ, ಆದರೂ ತಪ್ಪು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ ರಾನ್ಸಮ್‌ವೇರ್ ಏರಿತು. ಅದು ಸಣ್ಣ ಸಣ್ಣ ಸಹಕಾರ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಕಂಪನಿ. ಸೋಂಕು ಮುಂದೆ ಹರಡಬಾರದೆಂದು ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ಕಡಿದುಹಾಕಿತು. ಅದರೊಂದಿಗೆ ಸುಮಾರು 300 ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗಳು ನಿಂತವು. ಆ ಬ್ಯಾಂಕುಗಳ ಮ್ಯಾನೇಜರುಗಳು ಯಾವ ಎಪಿಕೆಯನ್ನೂ ಒತ್ತಿರಲಿಲ್ಲ. ಅವರ ಹೆಸರು ದಾಳಿಕೋರರಿಗೆ ಗೊತ್ತಿತ್ತೋ ಇಲ್ಲವೋ, ಅದರ ಅಗತ್ಯವೂ ಇರಲಿಲ್ಲ. ಒಂದು ತೂಬು ಮುಚ್ಚಿದರೆ ಕೆಳಗಿನ ಗದ್ದೆಗೆಲ್ಲ ನೀರು ನಿಲ್ಲುತ್ತದೆ.

ಇನ್ನೊಂದು ಮಾತು. 2022ರಲ್ಲಿ ಕೇಂದ್ರ ಸಚಿವ ಸಂಪುಟ 2,516 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು ಒಪ್ಪಿತು. ಒಳ್ಳೆಯ ಕೆಲಸ, ನಾನು ಪರವಾಗಿದ್ದೇನೆ. ಕೈಬರಹದ ಲೆಕ್ಕದ ಪುಸ್ತಕದಲ್ಲಿ ಎಷ್ಟು ಸಾಲ ಮಾಯವಾಗಿದೆ, ಎಷ್ಟು ಸತ್ತವರು ಗೊಬ್ಬರ ಒಯ್ದಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಪುರಾಣ. ಆದರೆ ಪುಸ್ತಕವನ್ನು ತಿದ್ದಲು ಆ ಊರಿಗೇ ಬರಬೇಕಿತ್ತು.

ಚತುರ್ಥಾಧಿಕಾರ: ನಾಮಸ್ಥಿರ-ಸಂಖ್ಯಾಚರ

ಮಂಗರಾಜನ ಮೂರರೊಳಗೆ ಬಾರದ ನಾಲ್ಕನೆಯ ವಿಷವೊಂದಿದೆ. ಏರಿದಾಗ ಮೈ ಬಿಸಿಯಾಗದು, ಬಾಯಲ್ಲಿ ನೊರೆ ಬಾರದು, ಪರದೆಯ ಮೇಲೆ ತಲೆಬುರುಡೆಯ ಚಿತ್ರ ಮೂಡದು. ಯಂತ್ರ ಎಂದಿನಂತೆ ನಡೆಯುತ್ತದೆ, ಎಂದಿನಂತೆ ‘ಸಕ್ಸೆಸ್‌ಫುಲ್’ ಎನ್ನುತ್ತದೆ. ಇದರ ಉದಾಹರಣೆಗೆ ಅಮೆರಿಕಕ್ಕೋ ಇರಾನಿಗೋ ಹೋಗಬೇಕಿಲ್ಲ. ಹೊಸಪೇಟೆ ಸಾಕು.

ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು, ನಮ್ಮ ಬಾಯಲ್ಲಿ ಬಿಡಿಸಿಸಿ, ಹೊಸಪೇಟೆಯಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡ ಹಳೆಯ ಸಂಸ್ಥೆ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಯ ರೈತರ ಬೆಳೆಸಾಲ ಹರಿಯುವ ಕಾಲುವೆ. ಗ್ರಾಹಕರು ಆರ್‌ಟಿಜಿಎಸ್, ನೆಫ್ಟ್ ಮೂಲಕ ಬೇರೆ ಬ್ಯಾಂಕಿಗೆ ದುಡ್ಡು ಕಳಿಸಿದರೆ ಅದು ಐಡಿಬಿಐ ಬ್ಯಾಂಕಿನ ಮೂಲಕ ಹೋಗುತ್ತಿತ್ತು. ಯಾರಿಗೆ, ಯಾವ ಖಾತೆಗೆ, ಯಾವ ಐಎಫ್‌ಎಸ್‌ಸಿಗೆ, ಎಷ್ಟು ಎಂಬುದನ್ನೆಲ್ಲ ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ ಬರೆದು ಈ ಬ್ಯಾಂಕು ಆ ಬ್ಯಾಂಕಿಗೆ ಒಪ್ಪಿಸುತ್ತಿತ್ತು. 2025ರ ಜನವರಿಯಲ್ಲಿ ಯಾರೋ ಇವೆರಡರ ನಡುವಿನ ಆ ಫೈಲುಗಳೊಳಗೆ ಕೈಯಾಡಿಸಿದರು. ಹಣ ಪಡೆಯುವವರ ಹೆಸರು ಇದ್ದ ಹಾಗೇ ಇತ್ತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆಯಾಗಿದ್ದವು. 2.34 ಕೋಟಿ ರೂಪಾಯಿ ಉತ್ತರದ ರಾಜ್ಯಗಳ 25 ಖಾತೆಗಳಿಗೆ ಹೋಯಿತು. ಸೇರಬೇಕಾದವರಿಗೆ ದುಡ್ಡು ಸೇರಲಿಲ್ಲವೆಂದಾಗಲೇ ವಿಷಯ ಬಯಲಿಗೆ ಬಂದದ್ದು. ಬ್ಯಾಂಕು ಆ ಸೇವೆಯನ್ನು ನಿಲ್ಲಿಸಿ ಪೊಲೀಸರಿಗೆ ದೂರು ಕೊಟ್ಟಿತು.

ಹೆಸರು ಸರಿಯಿದ್ದೂ ದುಡ್ಡು ಬೇರೆಯವರಿಗೆ ಹೋದದ್ದು ಹೇಗೆಂದು ಶಿಷ್ಯರು ಕೇಳಬಹುದು. ಅದಕ್ಕೆ ಸರ್ಕಾರಿ ಪ್ರಮಾಣವೇ ಇದೆ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಲೆಕ್ಟ್ರಾನಿಕ್ ಪಾವತಿಯಲ್ಲಿ ದುಡ್ಡನ್ನು ಬರಿಯ ಖಾತೆ ಸಂಖ್ಯೆ ನೋಡಿ ಜಮಾ ಮಾಡಬಹುದು. ಹೆಸರು ಇರುವುದು ಶೋಭೆಗೆ. ಅರಸೀಕೆರೆ ಎಂದು ಬರೆದ ಕಾಗದ ಪಿನ್‌ಕೋಡ್ ತಪ್ಪಿದರೆ ಹಾಸನಕ್ಕೆ ಹೋಗಿ ಕೂರುವ ಸಂಕಟ ನಮ್ಮ ಊರಿಗೆ ಹೊಸದಲ್ಲ. ವ್ಯತ್ಯಾಸ ಇಷ್ಟೇ, ಕಾಗದ ತಿರುಗಿ ಬರುತ್ತದೆ.

ಇಲ್ಲಿ ತೌಲನಿಕ ಅಧ್ಯಯನಕ್ಕೆ ಅವಕಾಶವಿದೆ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಯಂತ್ರಗಳಿಗೆ ಹೊಕ್ಕವರು ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ 95 ಕೋಟಿ ಡಾಲರಿನಷ್ಟು ಎತ್ತಲು ಹೊರಟಿದ್ದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಗಿ ಜೂಜಿನ ಕಟ್ಟೆಗಳಲ್ಲಿ ಕರಗಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ದಾರಿಯಲ್ಲಿ ನಿಂತಿತು, ಏಕೆಂದರೆ ಕಳ್ಳರು ‘ಫೌಂಡೇಶನ್’ ಎಂಬ ಶಬ್ದದ ಸ್ಪೆಲ್ಲಿಂಗನ್ನು ‘ಫ್ಯಾಂಡೇಶನ್’ ಎಂಬ ಹಾಗೆ ಬರೆದಿದ್ದರು, ಓದಿದ ಬ್ಯಾಂಕಿನವರಿಗೆ ಸಂಶಯ ಬಂತು. ಅಲ್ಲಿ ಹೆಸರು ತಪ್ಪಿದ್ದರಿಂದ ದುಡ್ಡು ಉಳಿಯಿತು, ನಮ್ಮಲ್ಲಿ ಹೆಸರು ಸರಿಯಿದ್ದದ್ದರಿಂದ ಹೋಯಿತು. ಹೊಸಪೇಟೆಯ ಫೈಲಿಗೆ ಕೈ ಹಾಕಿದವನು ಕಾಗುಣಿತ ತಪ್ಪಲೇ ಇಲ್ಲ, ಏಕೆಂದರೆ ಅವನು ಅಕ್ಷರವನ್ನು ಮುಟ್ಟಲೇ ಇಲ್ಲ.

ಇದೇ ಕುಲದ ಹಿರಿಯಣ್ಣ ಪುಣೆಯಲ್ಲಿದ್ದಾನೆ. 2018ರ ಆಗಸ್ಟ್‌ನಲ್ಲಿ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಯ ನಡುವೆ ಕೃತಕ ಸ್ವಿಚ್ಚೊಂದನ್ನು ನಿಲ್ಲಿಸಲಾಯಿತು. ‘ಈ ಖಾತೆಯಲ್ಲಿ ದುಡ್ಡಿದೆಯೇ?’ ಎಂದು ಎಟಿಎಂ ಕೇಳಿದರೆ ಬ್ಯಾಂಕಿನ ಬದಲು ಅದೇ ‘ಇದೆ, ಕೊಡು’ ಎಂದಿತು. 28 ದೇಶಗಳ ಎಟಿಎಂಗಳು ನಂಬಿದವು. ಬೇರೆ ದಾರಿಯಿಂದ ಹೋದದ್ದೂ ಸೇರಿ ಒಟ್ಟು 94 ಕೋಟಿ ರೂಪಾಯಿ. ಹೊಸಪೇಟೆ, ಪುಣೆ ಎರಡೂ ಕಡೆ ದಾಳಿಯಾದದ್ದು ತಿಜೋರಿಗಲ್ಲ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮರುಪ್ರಶ್ನೆಯಿಲ್ಲದೆ ಒಪ್ಪುವ ಜಾಗಕ್ಕೆ. ಬ್ಯಾಂಕು ‘ನಾವು ಕಳಿಸಿದ್ದು ಸರಿಯಿತ್ತು’ ಎನ್ನುತ್ತದೆ, ಅದು ಸತ್ಯ. ಪಡೆದ ಬ್ಯಾಂಕು ‘ನಮಗೆ ಬಂದ ಹಾಗೆ ಮಾಡಿದೆವು’ ಎನ್ನುತ್ತದೆ, ಅದೂ ಸತ್ಯ. ಎರಡು ಸತ್ಯಗಳ ನಡುವಿನ ಕಾಲುದಾರಿ ಯಾರ ಆಸ್ತಿಯೆಂದು ಯಾವ ಪಹಣಿಯಲ್ಲೂ ಬರೆದಿರುವುದಿಲ್ಲ. ನನ್ನ ಗ್ರಂಥದ ಸಿದ್ಧಾಂತವೂ ಇದೇ: ಸಂಸ್ಥೆಗಳನ್ನು ವಿಷದ ಜಾತಿ ನೋಡಿ ಕಾಯಲಾಗದು, ತಾಳೆ ನೋಡುವವರಿಲ್ಲದ ಜಾಗಗಳನ್ನು ಹುಡುಕಿ ಕಾಯಬೇಕು. ಹಾಗಾದರೆ ಇಷ್ಟೊಂದು ವರ್ಗೀಕರಣ ಏಕೆ ಎಂದು ಕೇಳಬಾರದು, ವರ್ಗೀಕರಿಸದೆ ಪಂಡಿತರಿಗೆ ನಿದ್ದೆ ಬಾರದು.

ಪಂಚಮಾಧಿಕಾರ: ಆಭಾಸವಿಷ

ಹಗ್ಗವನ್ನು ಹಾವೆನ್ನುವುದೂ ಹಾವನ್ನು ಹಗ್ಗವೆನ್ನುವುದೂ ಇದರಲ್ಲಿ ಬರುತ್ತವೆ. 2023ರ ಜೂನ್‌ನಲ್ಲಿ ಗ್ಯಾರಂಟಿ ಯೋಜನೆಗಳ ಅರ್ಜಿ ಹಾಕುವ ಸರ್ವರು ತೆವಳುತ್ತಿದ್ದಾಗ, ಅದನ್ನು ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿದೆ ಎಂದು ರಾಜ್ಯದ ಸಚಿವರೊಬ್ಬರು ಹೇಳಿದ್ದರು. ಲಕ್ಷಾಂತರ ಜನ ಒಂದೇ ಸಲ ಬಾಗಿಲು ತಟ್ಟಿದರೆ ಯಾವ ಸರ್ವರೂ ತೆವಳುತ್ತದೆ ಎಂಬ ಸಾದಾ ವಿವರಣೆಗೆ ರಾಜಕೀಯದಲ್ಲಿ ರುಚಿಯಿಲ್ಲ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಹೀಗೇ ತೆವಳಿದಾಗ ಮಾತ್ರ ಅದು ನಿಜವಾದ ದಾಳಿ: 62 ಇಮೇಲ್ ಖಾತೆಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆ. ಗ್ಯಾರಂಟಿ ಅರ್ಜಿ ಹಿಡಿದು ನಿಂತವರಿಗೂ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕ್ರಯಪತ್ರ ಹಿಡಿದು ಕೂತ ರೈತನಿಗೂ ಕೇಳಿಸಿದ್ದು ಒಂದೇ ಉತ್ತರ, ‘ಸರ್ವರ್ ಇಲ್ಲ, ನಾಳಿ ಬರ್ರಿ.’

ಕಾವೇರಿಯ ಇನ್ನೊಂದು ಕಥೆ ನಮ್ಮ ಕಡೆಯವರಿಗೆ ಹೆಚ್ಚು ತಾಕುವಂಥದು. 2023ರಲ್ಲಿ ಕೆಲವರು ಅಲ್ಲಿ ನೋಂದಣಿಯಾದ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆಯಿಂದ ನಕಲಿ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿಯಲ್ಲಿ ಜನರ ಖಾತೆಯ ದುಡ್ಡು ತೆಗೆದರು. ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು, ಹೆಬ್ಬೆಟ್ಟಿಗೆ ಆ ಅನುಕೂಲವಿಲ್ಲ. ಆಧಾರ್ ಆಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆರೆಯಬಹುದು. ಗ್ರಾಮ ಒನ್ ನಡೆಸುವವರು ಬಂದವರಿಗೆಲ್ಲ ಇದನ್ನೊಂದು ಮಾಡಿಕೊಟ್ಟರೆ ಪುಣ್ಯ ಬರುತ್ತದೆ.

ಗಾರುಡಿಗ ಪ್ರಕರಣ

ವಿಷ ಇಳಿಸುವವರಲ್ಲಿ ಮೊದಲಿಗರು ಸಾಫ್ಟ್‌ವೇರ್ ಕಂಪನಿಯ ಹುಡುಗರು. ದಾವಣಗೆರೆಯಲ್ಲಿ ಕೂತು ‘ಎನಿಡೆಸ್ಕ್ ನಂಬರ್ ಹೇಳ್ರಿ’ ಎನ್ನುತ್ತಾರೆ. ಹೇಳಿದರೆ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ, ಬಾಣದ ಗುರುತು ತಾನಾಗಿ ಓಡಾಡುತ್ತದೆ, ಕಾರ್ಯದರ್ಶಿ ಚಹಾಕ್ಕೆ ಏಳುತ್ತಾರೆ. ಕೆಲಸ ಮುಗಿದ ಮೇಲೆ ಆ ಬಾಗಿಲು ಮುಚ್ಚಿತೇ ಎಂದು ಯಾರೂ ನೋಡುವುದಿಲ್ಲ. ಎರಡನೆಯವರು ಆಡಿಟರು, ಮಾರ್ಚ್ ನಂತರ ಕಾಣಿಸಿಕೊಂಡು ವೋಚರಿಗೆ ಸಹಿ ಇದೆಯೇ ಎಂದು ಕಟ್ಟುನಿಟ್ಟಾಗಿ ನೋಡುವವರು. ಆ ಸಹಿಗಿಂತ ಹೆಚ್ಚು ಅಧಿಕಾರವಿರುವ ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅವರ ಮೂಗಿನ ಮುಂದೆಯೇ ಇರುತ್ತದೆ. ಪಾಸ್‌ವರ್ಡ್ ಬಹುತೇಕ ಊರದೇವರ ಹೆಸರು, ಮುಂದೆ ಒಂದು ಎರಡು ಮೂರು. ದೇವರು ಕಾಯುತ್ತಾನೆ ಎಂಬ ನಂಬಿಕೆಯನ್ನು ಇಷ್ಟು ನೇರವಾಗಿ ಜಾರಿಗೆ ತಂದವರು ಬೇರೆಲ್ಲೂ ಇರಲಾರರು. ಮೂರನೆಯವರು ವರ್ಷಾರಂಭದಲ್ಲಿ ದಪ್ಪ ವರದಿ ಬಿಡುವ ಸೈಬರ್ ಕಂಪನಿಗಳು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ವರ್ಷದ ಭವಿಷ್ಯವನ್ನು ಒಂದೇ ಸಾಲಿನಲ್ಲಿ ಹೇಳಿ ಇಳಿಯುತ್ತಾನೆ, ಅವರಿಗೆ ನೂರಾರು ಪುಟ ಬೇಕು.

ನಾಲ್ಕನೆಯವರು ಕಂಪ್ಯೂಟರ್ ಹುಡುಗ ಅಥವಾ ಹುಡುಗಿ. ದಿನಗೂಲಿಯೋ ಹೊರಗುತ್ತಿಗೆಯೋ. ಸಂಸ್ಥೆಯ ಎಲ್ಲ ಬೀಗದ ಕೈ ಇರುವುದು ಇವರ ಬಳಿ, ನೌಕರಿ ಖಾಯಂ ಆಗದಿರುವುದೂ ಇವರದೇ. ಸಾಲ ಮಂಜೂರು ಮಾಡುವ ಲಾಗಿನ್ನು, ಅದನ್ನು ಒಪ್ಪುವ ಲಾಗಿನ್ನು ಎರಡನ್ನೂ ಇವರೇ ನಡೆಸುತ್ತಾರೆ, ಮ್ಯಾನೇಜರರ ಒಟಿಪಿ ಇವರ ಕಿವಿಗೇ ಬರುತ್ತದೆ. ನಾಳೆ ಏನಾದರೂ ಆದರೆ ಮೊದಲು ಠಾಣೆಗೆ ಕರೆಸುವುದೂ ಇವರನ್ನೇ. ವಿಷದ ಬಗ್ಗೆ ನಿಜವಾಗಿ ತಿಳಿದುಕೊಳ್ಳುವ ಮನಸ್ಸಿರುವುದು ಬಹಳ ಕಡೆ ಇವರೊಬ್ಬರಿಗೇ ಎಂಬುದನ್ನೂ ನಾನು ಕಂಡಿದ್ದೇನೆ. ಅಧ್ಯಕ್ಷರು ಇವರ ಸಂಬಳ ಏರಿಸಿದರೆ ಅದನ್ನು ಸೈಬರ್ ಭದ್ರತೆಯ ಖರ್ಚೆಂದೇ ಬರೆದುಕೊಳ್ಳಬಹುದು.

ಚಿಕಿತ್ಸಾ ಪ್ರಕರಣ

ವರ್ಗೀಕರಣದ ಚಟ ನನ್ನೊಬ್ಬನದಲ್ಲ. 2019ರ ಡಿಸೆಂಬರ್ 31ರಂದು ರಿಸರ್ವ್ ಬ್ಯಾಂಕೇ ಪಟ್ಟಣ ಸಹಕಾರ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ವ್ಯವಹಾರದ ಆಳ ನೋಡಿ ನಾಲ್ಕು ದರ್ಜೆಯಾಗಿ ವಿಂಗಡಿಸಿ, ಒಂದೊಂದು ದರ್ಜೆಗೂ ಇಷ್ಟಿಷ್ಟು ರಕ್ಷಣೆ ಎಂದು ಗೊತ್ತುಮಾಡಿತು. ಆ ಸುತ್ತೋಲೆ ಎಲ್ಲ ಕಚೇರಿಗಳ ಫೈಲಿನಲ್ಲಿ ಭದ್ರವಾಗಿರುತ್ತದೆ. ಸುತ್ತೋಲೆಯ ರಕ್ಷಣೆಯಲ್ಲಿ ನಮ್ಮವರು ಎಂದೂ ಸೋತಿಲ್ಲ.

ಜಂಗಮಕ್ಕೆ ಅಪ್‌ಡೇಟ್ ಒಂದೇ ಮದ್ದು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮದ್ದು ನಿಂತಿದೆ, ವಿಂಡೋಸ್ 10ಕ್ಕೆ ಮಾಮೂಲಿ ಮದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ಥಾವರಕ್ಕೆ ಪಥ್ಯ ಬೇಕು: ಲೆಕ್ಕದ ಕಂಪ್ಯೂಟರಿಗೆ ಹೊರಗಿನ ಕಡ್ಡಿ ಚುಚ್ಚಬಾರದು, ಅದರಲ್ಲಿ ವಾಟ್ಸ್‌ಆಪ್ ತೆರೆಯಬಾರದು, ಬ್ಯಾಂಕ್ ಒಟಿಪಿ ಬರುವ ಸಿಮ್ಮನ್ನು ಸಂಘದ ಒಂದು ಸಾದಾ ಕೀಪ್ಯಾಡ್ ಫೋನಿಗೆ ಹಾಕಿ ಕಪಾಟಿನಲ್ಲಿಡಬೇಕು. ಎಪಿಕೆ ತೆರೆಯಲಾಗದ ಫೋನಿಗೆ ಲಗ್ನಪತ್ರಿಕೆ ಏನು ಮಾಡೀತು? ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಬರೆಯುವವರು ಬೇರೆ, ಒಪ್ಪುವವರು ಬೇರೆ.

ಕೃತ್ರಿಮಕ್ಕೆ ಬ್ಯಾಕಪ್. ಎಲ್ಲರೂ ಮಾಡುತ್ತಾರೆ, ಮಾಡುವ ರೀತಿಯಲ್ಲಿ ದೋಷ. ಬ್ಯಾಕಪ್ಪಿನ ಹಾರ್ಡ್‌ಡಿಸ್ಕನ್ನು ವರ್ಷವಿಡೀ ಅದೇ ಸಿಪಿಯುಗೆ ಜೋಡಿಸಿಟ್ಟರೆ ವಿಷ ಅದಕ್ಕೂ ಏರುತ್ತದೆ. ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಆ ಕಟ್ಟಡದ ಹೊರಗೆ ವೈರು ಕಳಚಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪ್ರತಿಯಿಂದ ಲೆಕ್ಕ ವಾಪಸು ಬರುತ್ತದೆಯೇ ಎಂದು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಬೇಕು.

ನಾಮಸ್ಥಿರ-ಸಂಖ್ಯಾಚರಕ್ಕೆ ಚಿಕಿತ್ಸೆ ಕಷ್ಟ, ಆದರೆ ಇದೆ. ಫೈಲನ್ನು ಕೈಯಿಂದ ದಾಟಿಸುವುದನ್ನು ಬಿಟ್ಟು, ಕಳಿಸಿದ್ದು ದಾರಿಯಲ್ಲಿ ಒಂದಂಕಿ ಬದಲಾದರೂ ಪತ್ತೆಯಾಗುವ ಡಿಜಿಟಲ್ ಸಹಿ ಹಾಕಬೇಕು. ಇದು ದೊಡ್ಡ ಬ್ಯಾಂಕುಗಳ ಕೆಲಸ. ಸಣ್ಣವರ ಕೈಲಾಗುವುದು ಸಂಜೆಯ ತಾಳೆ: ನಾವು ಕಳಿಸಿದ ಪಟ್ಟಿ, ಅವರು ಜಮಾ ಮಾಡಿದ ಪಟ್ಟಿ, ಎರಡನ್ನೂ ಪಕ್ಕಪಕ್ಕ ಇಟ್ಟು ಖಾತೆ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೆ ಓದುವುದು. ಒಬ್ಬರು ಓದಬೇಕು, ಇನ್ನೊಬ್ಬರು ಗುರುತು ಹಾಕಬೇಕು, ಹಳೆಯ ಕಾಲದ ಶ್ಯಾನುಭೋಗರ ಹಾಗೆ. ರಿಸರ್ವ್ ಬ್ಯಾಂಕು ಆರ್‌ಟಿಜಿಎಸ್, ನೆಫ್ಟ್‌ನಲ್ಲೂ ದುಡ್ಡು ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತರಬೇಕೆಂದು ಬ್ಯಾಂಕುಗಳಿಗೆ ಹೇಳಿದ್ದು 2024ರ ಡಿಸೆಂಬರ್ 30ರಂದು. ಹೊಸಪೇಟೆಯ ಫೈಲುಗಳು ತಿದ್ದಿಹೋಗಿದ್ದು ಅದರ ಮರುತಿಂಗಳೇ, ಗಡುವು ಬರುವ ಮೊದಲೇ.

ವಿಷ ಏರಿದ್ದು ಗೊತ್ತಾದ ಕೂಡಲೇ ನೆಟ್ ಕೇಬಲ್ ಕಿತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಇರುವ ಮುಖ್ಯ ದಾರಿ ಅದೇ, ತಡಮಾಡಿದಷ್ಟೂ ಅದು ಮುಚ್ಚುತ್ತ ಹೋಗುತ್ತದೆ. ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಲಿಖಿತ ದೂರು ಕೊಡಿ. ಕಂಪನಿ, ಬ್ಯಾಂಕುಗಳಾದರೆ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ‘ಸಂಘದ ಮರ್ಯಾದಿ ಹೋಕ್ಕತಿ, ಸುಮ್ನಿರ್ರಿ’ ಎಂದು ಆಡಳಿತ ಮಂಡಳಿ ಕೂತು ಚರ್ಚಿಸುವ ಆ ಒಂದು ರಾತ್ರಿಯೇ ಕಳ್ಳರಿಗೆ ಬೇಕಾದದ್ದು.

ಸದಸ್ಯರಿಗೆ ಒಂದು ಬಿನ್ನಹ. ಈ ಸಲದ ಸರ್ವಸದಸ್ಯರ ಸಭೆಯಲ್ಲಿ ಜಮಾ ಖರ್ಚು ಓದಿ ಮುಗಿದ ಮೇಲೆ, ಖಾರ-ಮಂಡಕ್ಕಿ ಹಂಚುವ ಮೊದಲು, ಯಾರಾದರೂ ಒಬ್ಬರು ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ಬ್ಯಾಕಪ್ಪಿನಿಂದ ಲೆಕ್ಕ ವಾಪಸು ತೆಗೆದು ನೋಡಿದ್ದು ಕೊನೆಯ ಸಲ ಯಾವತ್ತು? ನಿನ್ನೆ ಹೋದ ದುಡ್ಡಿನ ಖಾತೆ ನಂಬರ್ ತಾಳೆ ನೋಡಿದವರು ಯಾರು? ಉತ್ತರ ಏನೇ ಬರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ.